ಟವೆಲ್ ಕೆಳಗಿನ ವರ

ವರ ಕೊಡುವುದು ಬಹಳ ಸುಲಭದ ಕೆಲಸ ಎಂದು ನಾನು ನಂಬಿದ್ದೆ. ಕಷ್ಟವೇನಿದ್ದರೂ ಕೇಳುವವರಿಗೆ. ಕೊಡುವವನು ಕೈ ಎತ್ತಿ ‘ತಥಾಸ್ತು’ ಅಂದರೆ ಮುಗಿಯಿತಲ್ಲ! ಈ ಆತ್ಮವಿಶ್ವಾಸದಿಂದಲೇ ನಾನು ಶ್ರೀನಿವಾಸಪುರದ ಒಂದು ಮಹಡಿ ಮನೆಯಲ್ಲಿ, ಒಂದು ಭಾನುವಾರದ ಮಧ್ಯಾಹ್ನ, ನನ್ನ ಸಾಮ್ರಾಜ್ಯವನ್ನು ಕೈಯಾರೆ ಕಳೆದುಕೊಂಡೆ.

ಸಾಮ್ರಾಜ್ಯ ಅಂದರೆ ದೊಡ್ಡದೇನೂ ಅಲ್ಲ. ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಡಬ್ಬಿ ದಾಳ. ನಾವು ಆಡುತ್ತಿದ್ದದ್ದು ಕಥೆಯಾಟ. ಒಬ್ಬರು ಕಥೆ ನಡೆಸಬೇಕು. ಉಳಿದವರು ಒಂದೊಂದು ಪಾತ್ರವಾಗಿ ಕಥೆಯೊಳಗೆ ನುಗ್ಗಿ ಏನು ಬೇಕಾದರೂ ಮಾಡಬಹುದು. ಮಾಡಿದ್ದು ಕೈಗೂಡಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಕಥೆ ನಡೆಸುವವನಿಗೆ ಗೇಮ್ ಮಾಸ್ಟರ್ ಎಂಬ ಬಿರುದು. ಕಚೇರಿಯಲ್ಲಿ ಫ್ಯಾನ್ ಹಾಕಿ ಅಂದರೂ ಯಾರೂ ಕೇಳದ ನನ್ನಂಥ ಗುಮಾಸ್ತನಿಗೆ, ಮಳೆ ಬರಲಿ ಅಂದರೆ ಮಳೆಯೇ ಬರುವ ಈ ಹುದ್ದೆ ಎಷ್ಟು ಹಿಡಿಸಿತೆಂದು ಬೇರೆ ಹೇಳಬೇಕಿಲ್ಲ.

ವರ್ಗವಾಗಿ ಈ ಊರಿಗೆ ಬಂದಾಗ ನನಗೆ ಇಲ್ಲಿ ಒಬ್ಬರೂ ಗೊತ್ತಿರಲಿಲ್ಲ. ಮದುವೆಯಾಗದೆ ಐವತ್ತು ದಾಟಿದವನನ್ನು ಹೊಸ ಊರಿನಲ್ಲಿ ಯಾರು ತಾನೇ ಊಟಕ್ಕೆ ಕರೆಯುತ್ತಾರೆ? ಭಾನುವಾರ ಬಂತೆಂದರೆ ಭಯವಾಗುತ್ತಿತ್ತು. ಆ ದಿನ ನನ್ನ ಬಾಯಿ ತೆರೆಯುತ್ತಿದ್ದದ್ದು ಹಲ್ಲುಜ್ಜುವಾಗ ಮತ್ತು ಉಣ್ಣುವಾಗ ಮಾತ್ರ. ಮೊಬೈಲಿನಲ್ಲಿ ಈ ಆಟ ನೋಡಿ, ದಾಳ ತರಿಸಿ, ಮೊದಲು ನನ್ನ ಜೊತೆ ನಾನೇ ಆಡಿದೆ. ಅದರಲ್ಲೂ ಸೋತೆ!

ಆಮೇಲೆ ಒಬ್ಬೊಬ್ಬರಾಗಿ ಬಂದರು. ಎದುರು ಮನೆಯ ಮಂಜುಳಾ ಹೈಸ್ಕೂಲಿನ ವಿಜ್ಞಾನದ ಟೀಚರ್. ಅವರ ಚಪ್ಪಲಿ ಸದ್ದಿಗೇ ಮಕ್ಕಳು ನೆಟ್ಟಗೆ ಕೂರುತ್ತಾರಂತೆ. ಆಟದಲ್ಲಿ ಅವರು ಆರಿಸಿಕೊಂಡದ್ದು ಕಳ್ಳಿಯ ಪಾತ್ರ! ಮಾವಿನ ಮಂಡಿಯ ನಯಾಜ್ ಭಾಯ್ ಸೀಸನ್ ಇಲ್ಲದ ತಿಂಗಳುಗಳಲ್ಲಿ ಹೊತ್ತು ಹೋಗದೆ ಬಂದು ಸರದಾರರಾದರು. ಕೆಳಗಿನ ಮನೆಯ ಓನರ್ ರಾಮಕ್ಕ, ಮೇಲೆ ಏನೋ ಜೂಜು ನಡೆಯುತ್ತಿದೆ ಎಂದು ಬೈಯಲು ಮೆಟ್ಟಿಲು ಹತ್ತಿ ಬಂದವರು, ಮಂತ್ರವಾದಿಯಾಗಿ ಕೂತೇಬಿಟ್ಟರು. ಅವರಿಗೆ ಹಿಡಿಸಿದ ಮಂತ್ರ ಒಂದೇ, ಬೆಂಕಿಯದು. ಬಾಗಿಲು ಮುಚ್ಚಿದ್ದರೆ ಬೆಂಕಿ, ರಾಕ್ಷಸ ಬಂದರೆ ಬೆಂಕಿ, ದಾರಿ ಕೇಳಿದ ಬಡಪಾಯಿ ಪ್ರಯಾಣಿಕನಿಗೂ ಬೆಂಕಿ. ಮೂವರೂ ಸೇರಿ ಕಾಳನಾಥನೆಂಬ ದುಷ್ಟ ಮಾಂತ್ರಿಕನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. ನಾನು ಅವನನ್ನು ಕೈಗೆ ಸಿಗದ ಹಾಗೆ ಓಡಿಸುತ್ತಿದ್ದೆ. ಅವನು ಸಿಕ್ಕರೆ ಕಥೆ ಮುಗಿದುಹೋಗುತ್ತದಲ್ಲ!

ಅಷ್ಟರಲ್ಲಿ ಬೇಸಿಗೆ ಬಂತು. “ಸಾರ್, ಮುಂದಿನ ಭಾನುವಾರ ಕಳೆದ್ರೆ ಮಂಡಿ ಶುರು. ಊಟಕ್ಕೂ ಟೈಮ್ ಸಿಗಲ್ಲ” ಎಂದರು ನಯಾಜ್ ಭಾಯ್. ಮಂಜುಳಾ ರಜೆಗೆ ತವರೂರು ಲಕ್ಕೂರಿಗೆ ಹೊರಟಿದ್ದರು. ರಜೆ ಮುಗಿದ ಮೇಲೆ ಅದರ ಹತ್ತಿರದ ಮಾಲೂರಿಗೇ ವರ್ಗವಾಗುವ ಸುದ್ದಿಯೂ ಇತ್ತು. ರಾಮಕ್ಕ ಮಗಳ ಬಾಣಂತನಕ್ಕೆ ಮುಳಬಾಗಿಲಿಗೆ. ಎಲ್ಲರೂ ಎಷ್ಟು ಸಲೀಸಾಗಿ ಹೇಳಿದರು! ನಾನೂ “ಹೋಗಿ ಬನ್ನಿ, ಅದಕ್ಕೇನಂತೆ” ಅಂದೆ. ಮತ್ತೆ ಅದೇ ಬಾಯಿ ತೆರೆಯದ ಭಾನುವಾರಗಳು.

ಆಗ ಹೊಳೆದದ್ದೇ ವರದ ಉಪಾಯ. ಕೊನೆಯ ಆಟದಲ್ಲಿ ಅವರಿಗೆ ವರ ಕೊಡುವ ಭೂತವೊಂದು ಸಿಗಬೇಕು. ಅವರು ಏನೇ ಕೇಳಲಿ, ಅವರ ಮಾತನ್ನೇ ಹಿಡಿದು ತಿರುಚಿ, ಬಿಡಿಸಿಕೊಳ್ಳಲಾಗದ ಗಂಡಾಂತರದಲ್ಲಿ ಸಿಕ್ಕಿಸಿ, ಅಲ್ಲಿಗೆ ಆಟ ನಿಲ್ಲಿಸಬೇಕು. ತನ್ನ ಪಾತ್ರ ಕಪ್ಪೆಯಾಗಿ ಕೂತಿರುವಾಗ ಯಾರಿಗೆ ತಾನೇ ನೆಮ್ಮದಿಯಾಗಿ ಬಾಣಂತನ ಮಾಡಲಾದೀತು? ಓಡಿ ಬಂದೇ ಬರುತ್ತಾರೆ! ವಾರವಿಡೀ ಕಚೇರಿಯಲ್ಲಿ ಇದೇ ಧ್ಯಾನ. ಸಾವು ಬೇಡ ಎಂದರೆ, ಹುಣಸೆಮರವಾಗಿ ನಿಲ್ಲು. ರಾಜ್ಯ ಬೇಕೆಂದರೆ, ತಗೋ ಇರುವೆಗಳ ರಾಜ್ಯ. ಶತ್ರು ಕಣ್ಣಿಗೆ ಕಾಣಬಾರದು ಎಂದರೆ, ನಿನ್ನ ಕಣ್ಣೇ ಹೋಗಲಿ. ಮನುಷ್ಯರು ಬಯಸಬಹುದಾದ ಸಕಲಕ್ಕೂ ನನ್ನ ಹತ್ತಿರ ಉತ್ತರ ಸಿದ್ಧವಾಯಿತು.

ಭಾನುವಾರ ಬಂತು. ರಾಮಕ್ಕನಿಂದಲೇ ಕೇಳಿ ತಂದಿದ್ದ ಹಿತ್ತಾಳೆ ಚೊಂಬನ್ನು ಮೇಜಿನ ಮೇಲಿಟ್ಟು ಘನ ಗಾಂಭೀರ್ಯದಿಂದ ಘೋಷಿಸಿದೆ: “ಇದರೊಳಗೆ ಒಂದು ಭೂತವಿದೆ. ಎಲ್ಲರ ಮನಸ್ಸಿನೊಳಗಿನದನ್ನೂ ಬಲ್ಲ ಭೂತ. ನಿಮಗೆ ಮೂರು ವರ ಕೊಡುತ್ತದೆ.”

“ಹುಣಸೆಹಣ್ಣು ಹಾಕಿ ತಿಕ್ಕಿ ಕೊಟ್ಟಿದ್ನಲ್ಲಪ್ಪಾ, ಭೂತ ಯಾವಾಗ ಸೇರ್ಕೊಂಡ್ತು?” ಎಂದ ರಾಮಕ್ಕ, ನಾನು ತಡೆಯುವಷ್ಟರಲ್ಲಿ ಚೊಂಬಿನೊಳಗೆ ಬಗ್ಗಿ, “ಏಮಯ್ಯಾ ಭೂತಪ್ಪಾ, ಒಂದ್ ಒಳ್ಳೆ ಕಾಫಿ ಕೊಡು. ತಲೆ ನೋಯ್ತೈತೆ” ಎಂದುಬಿಟ್ಟರು!

ಕಾಫಿಗೆ ನಾನು ಸಿದ್ಧನಾಗಿರಲಿಲ್ಲ. ಆದರೂ ಧೈರ್ಯಗೆಡದೆ, ಕಾಫಿಯ ಪ್ರವಾಹವೇ ನುಗ್ಗಿ ಬಂದು ಮೂವರೂ ಕುತ್ತಿಗೆವರೆಗೆ ಮುಳುಗಿದಿರಿ ಎಂದೆ.

“ಸಕ್ಕರೆ ಹಾಕೈತಾ?” ಕೇಳಿದರು ರಾಮಕ್ಕ.

“ರಾಮಕ್ಕಾ, ನೀವು ಸ್ವಲ್ಪ ಸುಮ್ನಿರಿ” ಎಂದು ಮಂಜುಳಾ ಮುಂದೆ ಬಂದರು. ಪ್ರಶ್ನೆಪತ್ರಿಕೆ ತಯಾರಿಸುವವರಲ್ಲವೇ? ಕಣ್ಣು ಮುಚ್ಚಿ ಒಂದೇ ಉಸಿರಿನಲ್ಲಿ ಹೇಳಿದರು: “ನಾವು ಮೂವರೂ ಈಗಿರೋ ರೂಪದಲ್ಲೇ, ಕೈಕಾಲು ಕಣ್ಣು ಮೂಗು ಎಲ್ಲಾ ನೆಟ್ಟಗಿದ್ದು, ಜೀವ ಇರೋವಾಗ್ಲೇ, ಈಗ, ಈ ಕ್ಷಣ, ಕಾಫಿಯಿಂದ ಒಣಗಿದ ನೆಲಕ್ಕೆ ಬರ್ಬೇಕು.”

“ತಥಾಸ್ತು! ಒಣಗಿದ ನೆಲಕ್ಕೆ ಬಂದಿರಿ. ಅದು ಕಾಳನಾಥನ ಸೆರೆಮನೆಯ ನೆಲ. ಹೊರಗಿನಿಂದ ಬೀಗ ಹಾಕಿದೆ!”

ಅಲ್ಲಿಗೇ ನಿಲ್ಲಿಸಬೇಕಿತ್ತು. ಮೂವರನ್ನೂ ಸೀಸನ್ ಮುಗಿಯುವವರೆಗೆ ಇಟ್ಟುಕೊಳ್ಳಲು ಸೆರೆಮನೆಗಿಂತ ಒಳ್ಳೆಯ ಜಾಗ ಇನ್ನೇನು ಬೇಕಿತ್ತು? ಆದರೆ ಸಿದ್ಧ ಮಾಡಿಕೊಂಡ ಉತ್ತರಗಳಲ್ಲಿ ಒಂದೂ ಖರ್ಚಾಗಿರಲಿಲ್ಲ. ಇನ್ನೊಂದು ವರ ಬಾಕಿಯಿದೆ ಎಂದು ನಾನೇ ಬಾಯಿಬಿಟ್ಟು ನೆನಪಿಸಿದೆ!

“ಇದೆಂಥ ಭೂತ ಸಾರ್! ಮಾತು ಹಿಡ್ಕೊಂಡೇ ಮೋಸ ಮಾಡುತ್ತೆ” ಎಂದು ಮಂಜುಳಾ ಮುಖ ಊದಿಸಿದರು.

ನಯಾಜ್ ಭಾಯ್ ಹೆಗಲ ಮೇಲಿನ ಟವೆಲ್ ಎಳೆದರು. “ಅರೆ, ಮಾತಲ್ಲಿ ಮೋಸ ಇದ್ರೆ ಮಾತೇ ಬೇಡ ಬಿಡಿ ಮೇಡಂ. ಮಂಡಿಯಾಗೆ ನಾವು ಹೆಂಗ್ ಮಾಡ್ತೀವೋ ಹಂಗೇ ಮಾಡೋಣ. ಸಾರ್, ಭೂತದ ಕೈ ಕೊಡಿ.”

ಮಂಡಿಯಲ್ಲಿ ಅದನ್ನು ನಾನೂ ನೋಡಿದ್ದೆ. ಹಳೆಯ ವ್ಯಾಪಾರಿಗಳು ಟವೆಲಿನ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು, ಬೆರಳು ಒತ್ತಿಯೇ ಬೆಲೆ ಮಾತಾಡಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಮಾತೇ ಇಲ್ಲದಿದ್ದರೆ ನಾನು ತಿರುಚುವುದು ಏನನ್ನು?

“ಬೆರಳು ಒತ್ತಿದರೆ ಏನರ್ಥ ಅಂತ ಭೂತಕ್ಕೆ ಹೇಗೆ ಗೊತ್ತಾಗಬೇಕು ನಯಾಜ್ ಭಾಯ್?”

“ಎಲ್ಲರ ಮನಸ್ಸೂ ಗೊತ್ತು ಅಂತ ನೀವೇ ಅಂದ್ರಲ್ಲ ಸಾರ್?”

ಅಂದಿದ್ದೆ. ಗೇಮ್ ಮಾಸ್ಟರ್ ಆಡಿದ ಮಾತಿಗೆ ತಪ್ಪುವ ಹಾಗಿಲ್ಲ. ಮೂವರೂ ಮೂಲೆಗೆ ಹೋಗಿ ಪಿಸಪಿಸ ಮಾತಾಡಿ, ಯಾವ ಬೆರಳಿಗೆ ಏನೆಂದು ಗೊತ್ತು ಮಾಡಿಕೊಂಡು ಬಂದರು. ನಯಾಜ್ ಭಾಯ್ ಟವೆಲ್ ಹೊದಿಸಿ ನನ್ನ ಕೈ ಹಿಡಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ನನ್ನ ಕೈಯನ್ನು ಯಾರಾದರೂ ಹಿಡಿದು ಎಷ್ಟು ಕಾಲವಾಗಿತ್ತೋ ನನಗೇ ನೆನಪಿರಲಿಲ್ಲ. ಕಚೇರಿಯಲ್ಲಿ ದೂರದಿಂದ ನಮಸ್ಕಾರ. ಅಂಗಡಿಯಲ್ಲಿ ಮೊದಲು ಚಿಲ್ಲರೆ ಕೊಡುವಾಗಲಾದರೂ ಬೆರಳು ತಗಲುತ್ತಿತ್ತು. ಈಗ ಫೋನ್ ತೋರಿಸಿ ಬರುವುದರಿಂದ ಅದೂ ಇಲ್ಲ. ನಯಾಜ್ ಭಾಯ್ ಕೈ ಒರಟಾಗಿತ್ತು, ಬೆಚ್ಚಗಿತ್ತು. ಅವರು ಕಿರುಬೆರಳು ಒತ್ತಿದರು. ನಾನು ಸುಮ್ಮನಿದ್ದೆ. ಅದರ ಪಕ್ಕದ್ದು ಒತ್ತಿದರು. ಆಗಲೂ ಸುಮ್ಮನಿದ್ದೆ. ಮಂಜುಳಾ, ರಾಮಕ್ಕ ಇಬ್ಬರೂ ಬಗ್ಗಿ ನನ್ನ ಮುಖವನ್ನೇ ನೋಡುತ್ತಿದ್ದರು. ಹೆಬ್ಬೆರಳಿನವರೆಗೂ ಒತ್ತಿ ಮುಗಿಯಿತು. ಇನ್ನೂ ನಾಲ್ಕು ಬೆರಳು ಜಾಸ್ತಿ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

“ಶಭಾಷ್!” ಎಂದು ನಯಾಜ್ ಭಾಯ್ ಟವೆಲ್ ಕೊಡವಿದರು. “ಭೂತ ಎಲ್ಲಾನೂ ಒಪ್ಕೊಂತು!”

“ಎಲ್ಲಿ ಒಪ್ಪಿತು?” ನಾನು ಎಚ್ಚೆತ್ತೆ.

“ಬೇಡ ಅನ್ನೋನು ಕೈ ಎಳ್ಕೋಬೇಕು ಸಾರ್. ಬಿಡ್ಲಿಲ್ಲ ಅಂದ್ರೆ ವ್ಯಾಪಾರ ಕುದುರ್ತು ಅಂತ.”

ಮಂಜುಳಾ ಬೆರಳು ಮಡಿಸುತ್ತಾ ವಿವರಿಸಿದರು: “ಕಿರುಬೆರಳು, ಸೆರೆಮನೆ ಬೀಗ ತೆಗೆಯೋದು. ಉಂಗುರದ ಬೆರಳು, ಕಾಳನಾಥ ಸಾಯೋದು. ನಡುಬೆರಳು, ರಾಜ್ಯಕ್ಕೆ ಒಳ್ಳೇದಾಗೋದು. ತೋರುಬೆರಳು, ನಾವೆಲ್ಲಾ ಅವರವರ ಮನೆಗೆ ಕ್ಷೇಮವಾಗಿ ಸೇರೋದು.”

“ಒಂದೇ ವರದಲ್ಲಿ ಇಷ್ಟೊಂದಾ?”

“ಕೈ ಒಂದೇ ಅಲ್ವಾ ಸಾರ್?” ಎಂದರು ನಯಾಜ್ ಭಾಯ್.

“ಮತ್ತೆ ಹೆಬ್ಬೆರಳು?”

“ಅದು ನಾನ್ ಹೇಳಿದ್ದು” ಎಂದರು ರಾಮಕ್ಕ. “ಭೂತ ವಾಪಸ್ ಚೊಂಬಿಗೋಗಿ ಬಾಯಿ ಮುಚ್ಕೊಂಡು ಕೂರೋದು!”

ಕಥೆ ಮುಗಿಯಿತು. ಕಾಳನಾಥ ಸತ್ತ. ರಾಜ್ಯ ಸುಭಿಕ್ಷವಾಯಿತು. ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಒಳ್ಳೆಯದಾಯಿತು.

ಮಂಜುಳಾ ಹೊರಡುವಾಗ ಬಾಗಿಲಲ್ಲಿ ನಿಂತರು. “ಸಾರ್, ನಾವು ಹೋಗೋ ಮುಂಚೆ ಕಥೆ ಮುಗಿಸಿ ಕಳಿಸ್ಬೇಕು ಅಂತ ಬೇಕಂತ್ಲೇ ಕೈ ಬಿಡ್ಲಿಲ್ಲ ಅಲ್ವಾ? ನಂಗೆ ಗೊತ್ತಾಯ್ತು. ಎಷ್ಟ್ ಒಳ್ಳೆ ಮನಸ್ಸು ಸಾರ್ ನಿಮ್ದು.” ಅವರ ಕಣ್ಣು ಒದ್ದೆಯಾಗಿತ್ತು. ನಾನು “ಹೌದು” ಎಂದೆ. ರಾಮಕ್ಕ ಚೊಂಬನ್ನೂ ತೆಗೆದುಕೊಂಡು ಹೋದರು.

ಮುಂದಿನ ಭಾನುವಾರ ಮನೆಯಲ್ಲಿ ಕೂರಲಾಗದೆ ಮಂಡಿಗೆ ಹೋದೆ. ಸಾಲು ಲಾರಿ, ತೋತಾಪುರಿಯ ಗುಡ್ಡೆಗಳು, ತೆಲುಗಿನಲ್ಲಿ ಕೂಗಾಟ. ಅದರ ನಡುವೆ ನನ್ನನ್ನು ಕಂಡ ನಯಾಜ್ ಭಾಯ್ ಮುಖ ಅರಳಿತು. “ಅರೆ ಸಾರ್, ಬನ್ನಿ ಬನ್ನಿ! ಏನ್ ಬೇಕು ಹೇಳಿ. ಏನ್ ಬೇಕಾದ್ರೂ ಕೇಳಿ ಸಾರ್!”

ಇಡೀ ಜಗತ್ತಿನ ಬಯಕೆಗಳನ್ನು ವಾರವಿಡೀ ಅಭ್ಯಾಸ ಮಾಡಿದ್ದ ನಾನು ತಬ್ಬಿಬ್ಬಾದೆ. ‘ಸೀಸನ್ ಮುಗಿದ ಮೇಲೆ ಬರ್ತೀರಾ?’ ಎಂದರೆ ಸಾಕಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ. ಆದರೆ ಬಾಯಿಂದ ಹೊರಬಿದ್ದ ಮಾತು ಬೇರೆ.

“ಎರಡು ಕೆಜಿ ಬಾದಾಮಿ.”

ನಯಾಜ್ ಭಾಯ್ ನನ್ನ ಭೂತದಂಥವರಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ, ಒಂದಕ್ಷರ ತಿರುಚದೆ, ಒಳ್ಳೊಳ್ಳೆಯ ಹಣ್ಣೇ ಆರಿಸಿ ಕೊಟ್ಟರು. ಅಷ್ಟರಲ್ಲಿ ಯಾರೋ ಕರೆದರು. ಅವರು ಟವೆಲ್ ಕೊಡವಿಕೊಂಡು ಬೇರೆ ಕೈ ಹಿಡಿಯಲು ಓಡಿದರು.

ಮನೆಗೆ ಬಂದು ಅಷ್ಟನ್ನೂ ಒಬ್ಬನೇ ಕೂತು ತಿಂದೆ. ಬಹಳ ಸಿಹಿಯಾಗಿತ್ತು. ರಾತ್ರಿಗೆ ಹೊಟ್ಟೆ ಕೆಟ್ಟಿತು, ಮಾರನೆಯ ದಿನ ಕಚೇರಿಗೆ ರಜೆ ಹಾಕಿ ಮಲಗಿದೆ. ಭಾನುವಾರ ಒಂದಕ್ಕೇ ಹೆದರುತ್ತಿದ್ದವನಿಗೆ ಆ ವಾರ ಸೋಮವಾರವೂ ಭಾನುವಾರವಾಯಿತು!