ಸೇರು ಒದ್ದು ಬಂದ ಬಸ್ಸು

ಸ್ಕೂಟರಿನ ಹಿಂದೆ ಕೂತ ಹೆಂಗಸಿನ ಅಭಿಪ್ರಾಯವನ್ನು ಜಗತ್ತಿನಲ್ಲಿ ಯಾರೂ ಕೇಳುವುದಿಲ್ಲ. ಎಲ್ಲಿಗೆ ಹೋಗಬೇಕು, ಯಾವಾಗ ಹೊರಡಬೇಕು, ದಾರಿಯಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲವನ್ನೂ ಮುಂದೆ ಕೂತವನೇ ತೀರ್ಮಾನ ಮಾಡುತ್ತಾನೆ. ಹಿಂದೆ ಕೂತವಳ ಕೆಲಸ ಒಂದೇ, ಬೀಳದೆ ಇರುವುದು. ನನ್ನ ಮಗ ಶಿವಾನಂದ ಒಳ್ಳೆಯವನೇ. ಸನತ್‌ನಗರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಜರ್ ಆಗಿದ್ದ. ಆದರೆ ಸ್ಕೂಟರ್ ಹತ್ತಿದ ಕೂಡಲೇ ಅವನಿಗೆ ತಾಯಿಗೂ ಗ್ಯಾಸ್ ಸಿಲಿಂಡರಿಗೂ ಇರುವ ಫರಕು ಮರೆತುಹೋಗುತ್ತಿತ್ತು. "ಅವ್ವಾ, ಗಟ್ಟಿ ಹಿಡಕೊ" ಎಂದು ಒಮ್ಮೆ ಅಂದರೆ ಅವನ ಜವಾಬ್ದಾರಿ ಮುಗಿಯಿತು. ಸಿಲಿಂಡರ್ ಆಗಿದ್ದರೆ ಹಗ್ಗವಾದರೂ ಕಟ್ಟುತ್ತಿದ್ದ.

ಮೊದಲು ನಾವು ಇದ್ದದ್ದು ಕೋಠಿಯ ಹಿಂದಿನ ಓಣಿಯ ಬಾಡಿಗೆ ಮನೆಯಲ್ಲಿ. ಹೊಸ್ತಿಲು ದಾಟಿದರೆ ಬಜಾರು. ಬೀದರ, ಗುಲಬರ್ಗಾ, ರಾಯಚೂರು ಕಡೆಯ ನಮ್ಮ ಮಂದಿ ಸುತ್ತಲೂ ಇದ್ದರು. ಆಮೇಲೆ ಮಗ ಕೂಕಟ್‌ಪಲ್ಲಿಯ ಆಚೆ ಒಂದು ಹೊಸ ಕಾಲೊನಿಯಲ್ಲಿ ಸ್ವಂತ ಮನೆ ಕಟ್ಟಿಸಿದ. "ಗಾಳಿ ನೋಡವ್ವಾ, ಬೆಳಕು ನೋಡು" ಎಂದ. ನೋಡಿದೆ. ಗಾಳಿ ಬೆಳಕು ಬಿಟ್ಟರೆ ನೋಡಲಿಕ್ಕೆ ಅಲ್ಲಿ ಮತ್ತೇನೂ ಇರಲಿಲ್ಲ. ಬಸ್ಸು ಬೇಕೆಂದರೆ ಕಲ್ಲು, ಮುಳ್ಳು, ಎಮ್ಮೆ ಎಲ್ಲ ದಾಟಿ ಹೈವೇವರೆಗೆ ನಡೆಯಬೇಕು. ಆಟೋದವರು ನಮ್ಮ ಕಾಲೊನಿಯ ಹೆಸರು ಕೇಳಿದರೆ ಮುಖ ಆಚೆ ತಿರುಗಿಸುತ್ತಿದ್ದರು. ಹೇಳಿಕೇಳಿ ರಾಜಧಾನಿ. ಇಡೀ ಆಂಧ್ರಪ್ರದೇಶಕ್ಕೆ ಬಸ್ಸು ಹೊರಡುವುದು ಇಲ್ಲಿಂದಲೇ. ಕರ್ನೂಲಿಗೆ ಹೋಗಬಹುದು, ವಿಜಯವಾಡಕ್ಕೆ ಹೋಗಬಹುದು, ನಮ್ಮ ಕಾಲೊನಿಯಿಂದ ಕೋಠಿಗೆ ಮಾತ್ರ ಹೋಗಲಾಗದು.

ಕೋಠಿಯಲ್ಲಿ ನನಗೇನು ಕೆಲಸ ಎಂದು ನೀವು ಕೇಳಬಹುದು. ಹಳೆಯ ಓಣಿಯಲ್ಲಿ ಸೋಮವಾರಕ್ಕೊಮ್ಮೆ ನಮ್ಮ ಹೆಂಗಸರ ಭಜನೆ. ನಾನು ದೇವರ ಸಲುವಾಗಿ ಹೋಗುತ್ತೇನೆ ಎಂದು ಸುಳ್ಳು ಹೇಳುವುದಿಲ್ಲ. ದೇವರು ಕಾಲೊನಿಯಲ್ಲೂ ಇದ್ದಾನೆ. ನನಗೆ ಬೇಕಾದದ್ದು ಮಂಗಳಾರತಿ ಆದ ಮೇಲಿನ ಮಾತು. ಯಾರ ಮನೆಯಲ್ಲಿ ಹೆಣ್ಣು ನೋಡಿ ಹೋದರು, ಯಾರ ಬೀಗರು ಮುನಿಸಿಕೊಂಡರು, ಇದೆಲ್ಲ ತಿಳಿಯದಿದ್ದರೆ ಆ ವಾರದ ಊಟ ಮೈಗೆ ಹತ್ತುವುದಿಲ್ಲ. ಆದರೆ ಹೋಗಬೇಕೆಂದರೆ ಮಗನನ್ನು ಕೇಳಬೇಕು. ಯಜಮಾನರು ಇದ್ದಾಗ ಅವರನ್ನೇ ಕೇಳಿದವಳಲ್ಲ ನಾನು, ಹೇಳಿ ಹೋಗುತ್ತಿದ್ದೆ. ಈಗ ಭಾನುವಾರ ರಾತ್ರಿ ಮಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, "ನಾಳೆ ಸೋಮವಾರಪ್ಪಾ" ಎನ್ನಬೇಕು. ಅವನು ರೊಟ್ಟಿ ಮುರಿಯುತ್ತ, "ನೋಡೂಣು" ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ನೋಡೂಣು ಎಂದರೆ ಆಗುವುದಿಲ್ಲ ಎಂದರ್ಥ. ಬಸ್ಸು ಬೇಕು ಎಂದು ನಾನು ನಿಶ್ಚಯ ಮಾಡಿದ್ದು ಅಂಥ ಒಂದು ನೋಡೂಣು ಕೇಳಿದ ಮೇಲೆ. ಯಾರನ್ನೂ ಕೇಳದೆ ಕೋಠಿಗೆ ಹೋಗಿ ಬರಬೇಕು, ನನಗೆ ಬೇಕಾದದ್ದು ಅಷ್ಟೇ.

ಕಾಲೊನಿಯ ಗಂಡಸರದೊಂದು ಕಮಿಟಿ ಇತ್ತು. ಭಾನುವಾರ ನಮ್ಮ ಪಡಸಾಲೆಯಲ್ಲಿ ಕೂತು ಬಸ್ಸಿನ ವಿಷಯ ಗಂಭೀರವಾಗಿ ಚರ್ಚೆ ಮಾಡುತ್ತಿದ್ದರು. ಚಹಾ ನಮ್ಮ ಮನೆಯದು, ಅವಲಕ್ಕಿ ಚೂಡಾ ನಮ್ಮ ಮನೆಯದು. ಕೊನೆಗೆ ಎಲ್ಲರೂ ಎದ್ದು ತಮ್ಮ ತಮ್ಮ ಸ್ಕೂಟರ್ ಹತ್ತಿ ಹೋಗುತ್ತಿದ್ದರು. ಸ್ಕೂಟರ್ ಇದ್ದವರು ಬಸ್ಸು ತರುತ್ತಾರೆಂದು ಕಾಯುವುದು, ಉಂಡವನಿಗೆ ಒಲೆ ಹೊತ್ತಿಸಲು ಹೇಳಿದ ಹಾಗೆ. ನಾನು ಓದಿದ್ದು ಮೂರನೇ ಇಯತ್ತೆಯವರೆಗೆ, ಆದರೂ ಇಷ್ಟು ತಿಳಿಯುತ್ತದೆ. ಪಕ್ಕದ ಮನೆಯ ಗಂಗಕ್ಕನನ್ನು ಕರೆದುಕೊಂಡು ನಾನೇ ಬಸ್ ಡಿಪೋಕ್ಕೆ ನಡೆದೆ. ಗಂಗಕ್ಕ ರಾಯಚೂರು ಕಡೆಯವಳು, ನನಗಿಂತ ಎತ್ತರ, ನನಗಿಂತ ದನಿ ದೊಡ್ಡದು.

ಅಲ್ಲಿದ್ದ ಸಾಹೇಬರು ತೆಲುಗಿನವರು. ಹಿಂದಿಯಲ್ಲಿ ಮಾತಾಡಿಸಿದರು. ನನ್ನ ಹಿಂದಿ ಕೋಠಿಯ ಕಾಯಿಪಲ್ಲೆ ಬಜಾರಿನಲ್ಲಿ ಕಲಿತದ್ದು, ಅದರಲ್ಲಿ ಜಗಳ ಮಾತ್ರ ಸರಿಯಾಗಿ ಬರುತ್ತದೆ. ನಿಮ್ಮ ಕಾಲೊನಿಯಲ್ಲಿ ಬಸ್ಸಿಗೆ ಕಾಯುವ ಜನವೇ ಕಾಣುವುದಿಲ್ಲವಲ್ಲ ಎಂದರು. ಬಾರದ ಬಸ್ಸಿಗೆ ಕಾಯಲು ನಮಗೆ ಹುಚ್ಚೇ ಎಂದೆ. ಬಸ್ಸು ತಿರುಗಿಸಲು ಜಾಗ ಎಲ್ಲಿದೆ ಎಂದರು. ಹನುಮಪ್ಪನ ಗುಡಿ ಮುಂದೆ ನಾವು ಸಂಡಿಗೆ ಒಣಗಿಸುವ ಬಯಲಿದೆ, ತಗೊಳ್ಳಿ ಎಂದುಬಿಟ್ಟೆ. ಗಂಗಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು, ಯಾಕೆಂದರೆ ಅಲ್ಲಿ ಒಣಗುವ ಸಂಡಿಗೆಯಲ್ಲಿ ಅರ್ಧ ಅವಳದು. ಸಾಹೇಬರು ನಕ್ಕರು. ನಕ್ಕ ಮೇಲೆ ಮನುಷ್ಯ ಇಲ್ಲ ಎನ್ನುವುದು ಕಷ್ಟ. ದೀಪಾವಳಿಯವರೆಗೆ ಒಂದು ಬಸ್ಸು ಬಿಟ್ಟು ನೋಡುತ್ತೇನೆ, ಜನ ಹತ್ತಿದರೆ ಇರುತ್ತದೆ, ಖಾಲಿ ಓಡಿದರೆ ನಿಲ್ಲಿಸುತ್ತೇನೆ ಎಂದರು.

ಬಸ್ಸು ಬರುವ ದಿನ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು ಗುಡಿ ಮುಂದೆ ನಿಂತೆವು. ಗಂಗಕ್ಕ ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಹಿಡಿದು ಬಂದಿದ್ದಳು.

"ಯಾರ ಉಡಿ ತುಂಬಾಕ ನಡೆದೀಯ?" ಎಂದೆ.

"ಬಸ್ಸಿಂದು. ಮಗಳು ಮನಿಗೆ ಬಂದಂಗ ಬರಾಕತ್ತೈತಿ."

"ನಿನಗ ಬುದ್ಧಿ ಎಲ್ಲೈತಿ? ಮಗಳಿಗೆ ಉಡಿ ತುಂಬೂದು ಕಳಸೂ ಮುಂದ. ಈಗ ತುಂಬಿದ್ರ ಹೋಗಿ ಬಾ ಅಂದಂಗಾತು. ನಾಳೆ ಬರಲಿಲ್ಲಂದ್ರ?"

"ಹಂಗಾರ ನೀನ ಹೇಳು, ಏನ್ ಮಾಡೂಣು?"

"ಸೊಸಿ ಮಾಡಕೊಳ್ಳೂಣು. ಮಗಳು ಹೋಗಾಕಿ. ಸೊಸಿ ಒಮ್ಮೆ ಬಂದ್ಲಂದ್ರ ಎಲ್ಲಿಗೂ ಹೋಗೂದಿಲ್ಲ."

ಹಿಂದೆ ನಿಂತಿದ್ದ ನನ್ನ ಸೊಸೆ ಸುಜಾತಾ ಕೆಮ್ಮಿದಳು. ನಾನು ಅನುಭವದ ಮಾತು ಹೇಳಿದ್ದೆ, ಕೆಮ್ಮಿದರೇನು ಮಾಡಲಿ. ಮನೆಗೆ ಓಡಿ ಹೋಗಿ ಹಿತ್ತಾಳೆಯ ಸೇರು ತಂದೆ. ಹೊಸ ಸೊಸೆ ಹೊಸ್ತಿಲಲ್ಲಿ ಸೇರಿನ ಅಕ್ಕಿಯನ್ನು ಬಲಗಾಲಿಂದ ಒದ್ದು ಒಳಗೆ ಬರುವುದು ನಮ್ಮ ಪದ್ಧತಿ. ಸುಜಾತಾ ಒದ್ದು ಬಂದದ್ದೂ ಅದೇ ಸೇರನ್ನೇ. ಬಯಲಿನ ಬಾಯಿಯಲ್ಲಿ, ಬಸ್ಸಿನ ಬಲಗಾಲು ಬರುವ ಜಾಗದಲ್ಲಿ, ಅಕ್ಕಿ ತುಂಬಿ ಇಟ್ಟೆ. ಬಸ್ಸು ಬಂತು. ಕಂಡಕ್ಟರ್ ಯಾದಗಿರಿ ಇಳಿದು, ದಾರಿಯಲ್ಲಿ ಪಾತ್ರೆ ಯಾಕಿದೆ ಎಂದು ಕೇಳಿದ. ಹೇಳಿದೆವು. ಡ್ರೈವರಿಗೆ ತಕ್ಷಣ ತಿಳಿಯಿತು, ಹಿರಿಯರ ಮಾತಿಗೆ ಬೆಲೆ ಕೊಡುವ ಮನುಷ್ಯ, ಗೇರು ಹಾಕಿ ಮೆಲ್ಲಗೆ ಮುಂದೆ ಬಂದ. ಆದರೆ ಬಸ್ಸಿಗೆ ಮೆಲ್ಲಗೆ ಒದೆಯಲು ಯಾರು ಕಲಿಸಿದ್ದಾರೆ? ಚಕ್ರ ದಾಟಿ ಹೋದ ಮೇಲೆ ನೋಡಿದರೆ ಸೇರು ಹಪ್ಪಳವಾಗಿತ್ತು.

ಸುಜಾತಾ ಬಗ್ಗಿ ಅದನ್ನು ಎತ್ತಿಕೊಂಡು ತಿರುವಿ ಮುರುವಿ ನೋಡಿ, "ಅತ್ತಿ, ನಾ ಒದ್ದಾಗ ಇದಕ್ಕೊಂದು ಗೀರೂ ಬಿದ್ದಿರಲಿಲ್ಲ" ಎಂದಳು.

"ಆವಾಗ ನೀ ಹಗರ ಇದ್ದಿ" ಎಂದೆ.

ಮೊದಲು ನಕ್ಕವಳು ಅವಳೇ. ಆಮೇಲೆ ಇಡೀ ಕಾಲೊನಿ ನಕ್ಕಿತು. ಯಾದಗಿರಿ ಅಂದಿನಿಂದ ನನ್ನನ್ನು ಅತ್ತಮ್ಮ ಎಂದು ಕರೆಯತೊಡಗಿದ. ಬಸ್ಸು ಸೊಸೆ ಆದ ಮೇಲೆ ನಾನು ಅತ್ತೆ ತಾನೆ.

ಆದರೆ ಸೊಸೆಯ ಸಂಭ್ರಮ ಎಲ್ಲ ಮನೆಯಲ್ಲೂ ಸ್ವಲ್ಪ ದಿನದ್ದೇ. ಮೊದಮೊದಲು ಮಕ್ಕಳು ಮರಿ ಎಲ್ಲ ಹತ್ತಿದರು. ಆಮೇಲೆ ಗಂಡಸರು ತಮ್ಮ ಸ್ಕೂಟರಿಗೆ ಮರಳಿದರು. ಹೆಂಗಸರಿಗೆ ಬೆಳಿಗ್ಗೆ ಮನೆಯ ಕೆಲಸ ಬಿಟ್ಟು ಕೋಠಿಗೆ ಹೋಗಲು ಯಾವ ನೆಪವೂ ಇರಲಿಲ್ಲ. ಬಸ್ಸಿನಲ್ಲಿ ನಾನು, ಗಂಗಕ್ಕ, ಮತ್ತು ಕಿಟಕಿಯಿಂದ ಬಂದ ಧೂಳು. ಒಂದು ದಿನ ಯಾದಗಿರಿ ನನ್ನ ಹತ್ತಿರ ಬಂದು ಕೂತ. ಅತ್ತಮ್ಮಾ, ದೀಪಾವಳಿ ಆದ ಕೂಡಲೇ ನಿಮ್ಮ ಸೊಸೆಯನ್ನು ತವರಿಗೆ ಕರೆಸಿಕೊಳ್ಳುತ್ತಾರಂತೆ ಎಂದು ತೆಲುಗಿನಲ್ಲಿ ಹೇಳಿದ. ಆ ರಾತ್ರಿ ಊಟಕ್ಕೆ ಕೂತಾಗ ಶಿವಾನಂದ, "ಹೋಗಲಿ ಬಿಡವ್ವಾ, ಸ್ಕೂಟರ್ ಐತೆಲ್ಲ" ಎಂದ. ಮತ್ತೆ ನೋಡೂಣು, ಮತ್ತೆ ಗಟ್ಟಿ ಹಿಡಕೊ.

ಮರುದಿನ ಮೆಂತ್ಯದ ಎಲೆ ಬಿಡಿಸಿ ಪಲ್ಲೆ ಸೋಸುತ್ತ ಕೂತಿದ್ದ ಸುಜಾತಾ ತಲೆಯೆತ್ತದೆ ಒಂದು ಮಾತು ಹೇಳಿದಳು. "ಅತ್ತಿ, ಪಲ್ಲೆ ಸೋಸೂದು ಕೈ. ಕೈ ಮನ್ಯಾಗ ಬಿಟ್ಟು ಬಸ್ ಹತ್ತಬೇಕು ಅಂತೇನರ ಐತೇನು?"

ನಾನು ಅವಳನ್ನು ಹೊಗಳಲಿಲ್ಲ. ಹೊಗಳಿದರೆ ಅಭ್ಯಾಸವಾಗುತ್ತದೆ. ಸೀದಾ ಗಂಗಕ್ಕನ ಮನೆಗೆ ಹೋದೆ, ಅಲ್ಲಿಂದ ಮನೆಮನೆಗೆ. ಅಂದಿನಿಂದ ನಮ್ಮ ಕಾಲೊನಿಯ ಹೆಂಗಸರು ಕೆಲಸವನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತತೊಡಗಿದರು. ಒಬ್ಬಳು ಅಕ್ಕಿಯ ಹರಳು ಆರಿಸುವಳು, ಒಬ್ಬಳು ಅವರೆಕಾಯಿ ಸುಲಿಯುವಳು, ಒಬ್ಬಳು ಹೂಬತ್ತಿ ಹೊಸೆಯುವಳು. ಕೋಠಿಯಲ್ಲಿ ಇಳಿದು ಎಲೆ, ಅಡಿಕೆ, ಊದುಬತ್ತಿ, ಏನಾದರೊಂದು ಸಣ್ಣ ಖರೀದಿ ಮಾಡಿ ವಾಪಸು ಬರುವುದು. ಟಿಕೀಟಿನ ದುಡ್ಡಿಗೆ ಗಂಡಸರು ಗೊಣಗಿದರು. ಅವರ ಮೀಟಿಂಗಿನ ಚೂಡಾಕ್ಕಿಂತ ಇದು ಅಗ್ಗ ಎಂದು ಸುಜಾತಾ ಒಳಗಿನಿಂದಲೇ ಹೇಳಿದಳು. ಮಾತಿಗಂತೂ ಬರವಿಲ್ಲ. ಸೋಮವಾರದವರೆಗೆ ಕಾಯಬೇಕಾಗಿದ್ದ ಸುದ್ದಿಯೆಲ್ಲ ದಿನಾ ಕೂಕಟ್‌ಪಲ್ಲಿ ದಾಟುವ ಮೊದಲೇ ಸಿಗತೊಡಗಿತು. ಯಾದಗಿರಿ ಟಿಕೀಟು ಹರಿದು ಮುಗಿದ ಮೇಲೆ ತನ್ನ ಪಾಲಿನ ಅವರೆಕಾಯಿ ತಾನೇ ಕೇಳಿ ಇಸಿದುಕೊಳ್ಳುತ್ತಿದ್ದ.

ಬಸ್ಸಿನಲ್ಲಿ ನಗು ಎದ್ದರೆ ಗಂಡಸರಿಗೆ ಸ್ಕೂಟರಿನಲ್ಲಿ ಸಮಾಧಾನ ಇರುವುದಿಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಕೊನೆಯ ಸೀಟಿನಲ್ಲಿ ಶಿವಾನಂದ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಮುಖಕ್ಕೆ ಪೇಪರ್ ಅಡ್ಡ ಹಿಡಿದು ಕೂತಿದ್ದಾನೆ.

"ಸ್ಕೂಟರ್ ಎಲ್ಲೈತೋ?" ಎಂದೆ.

"ಪಂಕ್ಚರ್ ಆಗೈತವ್ವಾ."

ಮರುದಿನವೂ ಪಂಕ್ಚರ್ ಆಯಿತು. ವಾರವಿಡೀ ಆಯಿತು. ಇಷ್ಟು ಪಂಕ್ಚರ್ ಆಗುವ ಗಾಡಿಯನ್ನು ಗುಜರಿಗೆ ಹಾಕು ಎಂದೆ. ಸನತ್‌ನಗರದಲ್ಲಿ ಇಳಿಯುವಾಗ ಅವನು ಪಲ್ಲೆಯ ಚೀಲಗಳನ್ನು ದಾಟಿ ಹೋಗುವ ಚಂದವನ್ನು ನೋಡಬೇಕಿತ್ತು. ಕಮಿಟಿಯ ಬೇರೆ ಸದಸ್ಯರ ಸ್ಕೂಟರುಗಳಿಗೂ ಅದೇ ರೋಗ ಹತ್ತಿತು.

ದೀಪಾವಳಿ ಎದುರಿಗಿದ್ದಾಗ, ಒಂದು ಸೋಮವಾರ, ಡಿಪೋದ ಸಾಹೇಬರು ಯಾರಿಗೂ ಹೇಳದೆ ಕೂಕಟ್‌ಪಲ್ಲಿಯಲ್ಲಿ ಬಸ್ ಹತ್ತಿದರು. ನಾವು ಭಜನೆಯ ಪದ ರೂಢಿ ಮಾಡಿಕೊಳ್ಳುತ್ತಿದ್ದೆವು. ಕೂರಲು ಜಾಗವಿಲ್ಲ, ಸಾಹೇಬರು ಕಂಬಿ ಹಿಡಿದು ನಿಂತರು. ಯಾದಗಿರಿಯ ಮುಖ ಬಿಳಿಚಿಕೊಂಡಿತು. ನಾನು ಪದ ಬಿಟ್ಟು ತೊಡೆಯ ಮೇಲಿನ ಪಲ್ಲೆಗೆ ಸೆರಗು ಮುಚ್ಚಿದೆ. ಇವರು ಇದನ್ನು ಬಸ್ಸು ಎನ್ನುತ್ತಾರೋ ಅಡುಗೆಮನೆ ಎನ್ನುತ್ತಾರೋ ನನಗೆ ತಿಳಿಯದು. ಗಂಗಕ್ಕನಿಗೆ ಇಂಥ ಚಿಂತೆಯೇ ಇಲ್ಲ. ಮೆಂತ್ಯದ ಒಂದು ಕಟ್ಟು ಎತ್ತಿ ಅವರ ಕೈಗೆ ಕೊಟ್ಟಳು.

"ಸುಮ್ನ ಯಾಕ ನಿಂತೀರಿ ಸಾಹೇಬ್ರ, ಇದನ್ನರ ಸೋಸರಿ."

ಅವರಿಗೆ ಕನ್ನಡ ಬಾರದು, ಆದರೆ ಮೆಂತ್ಯ ಬಂತು. ಕಂಬಿಗೆ ಒರಗಿ ನಿಂತು ಒಂದೊಂದೇ ಎಲೆ ಬಿಡಿಸತೊಡಗಿದರು. ಗಂಗಕ್ಕ ಸ್ವಲ್ಪ ಹೊತ್ತು ನೋಡಿ, "ದಂಟು ಭಾಳ ಉಳಸಾಕತ್ತೀರಿ" ಎಂದು ಕೈ ಹಿಡಿದು ತೋರಿಸಿಯೂ ಕೊಟ್ಟಳು. ಕೋಠಿ ಬಂದಾಗ ಸಾಹೇಬರು ಸೋಸಿದ ಪಲ್ಲೆಯನ್ನು ಅವಳ ಸೆರಗಿಗೆ ಹಾಕಿ ಕೈ ಝಾಡಿಸಿಕೊಂಡರು. ಇಷ್ಟು ತುಂಬಿದ ಬಸ್ಸನ್ನು ನಿಲ್ಲಿಸುವುದು ಹೇಗೆ, ಇದು ಇನ್ನು ಖಾಯಂ ಎಂದರು. ಅಷ್ಟೇ ಅಲ್ಲ, ನಿಮ್ಮ ಕಾಲೊನಿಯ ಆಚೆ ಕಲ್ಲುಕ್ವಾರಿಯ ಹತ್ತಿರದ ಕೂಲಿಕಾರರ ಬಸ್ತಿಯವರೂ ಕೇಳುತ್ತಿದ್ದಾರೆ, ದೀಪಾವಳಿಯ ನಂತರ ಬಸ್ಸು ಅಲ್ಲಿಂದ ಹೊರಡಲಿ ಎಂದೂ ಹೇಳಿದರು. ನಾವು ಚಪ್ಪಾಳೆ ತಟ್ಟಿದೆವು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಮೂರನೇ ಇಯತ್ತೆಯ ವಿದ್ಯೆ ಎಷ್ಟು ದೂರ ನೋಡಬಲ್ಲದು ಎಂಬುದು ಆ ಚಪ್ಪಾಳೆಯಲ್ಲಿಯೇ ಗೊತ್ತಾಗುತ್ತದೆ.

ದೀಪಾವಳಿಯ ನಂತರದ ಸೋಮವಾರ ಪಲ್ಲೆಯ ಚೀಲ ಹಿಡಿದು ಗುಡಿ ಮುಂದೆ ನಿಂತೆ. ಬಸ್ಸು ಬಂತು, ಕಿಟಕಿಕಿಟಕಿಗೂ ತಲೆ ತುಂಬಿಕೊಂಡು. ಕ್ವಾರಿ ಬಸ್ತಿಯ ಹೆಂಗಸರು, ಕಾಲೇಜಿನ ಹುಡುಗಿಯರು, ಬುಟ್ಟಿ, ಕೋಳಿ, ಎಲ್ಲ ಇತ್ತು. ನಾನು ದಿನಾ ಕೂರುವ ಕಿಟಕಿಯ ಸೀಟಿನಲ್ಲಿ ಯಾರೋ ಒಬ್ಬಳು ಕಾಲು ಚಾಚಿ ಕೂತು, ನಮ್ಮನ್ನು ನೋಡಿ ಕಲಿತವಳ ಹಾಗೆ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೇಳೆ ಆರಿಸುತ್ತಿದ್ದಳು. ನನ್ನನ್ನು ಕಂಡು, ಈ ವಯಸ್ಸಿನಲ್ಲಿ ಬಸ್ಸಿನ ಗೊಡವೆ ಯಾಕೆ ಅವ್ವಾ, ನಿಮ್ಮ ಮನೆಯಲ್ಲಿ ಸ್ಕೂಟರ್ ಇಲ್ಲವೇ ಎಂದು ತೆಲುಗಿನಲ್ಲಿ ಮರುಗಿದಳು.

ಅಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು. ಬಸ್ಸಿನಲ್ಲಿ ಜಾಗ ಸಿಗದೆ ಪಂಕ್ಚರ್ ವಾಸಿ ಮಾಡಿಕೊಂಡಿದ್ದ ಶಿವಾನಂದ ಸ್ಕೂಟರ್ ನಿಲ್ಲಿಸಿದ್ದ. ನಾನು ಕೇಳಿರಲಿಲ್ಲ, ತಾನಾಗಿಯೇ ಕರೆದ. "ಅವ್ವಾ, ಆ ಗದ್ದಲದಾಗ ಯಾಕ ಹೋಗತಿ? ಬಾ, ಕೋಠಿಗೆ ನಾ ಬಿಡತೀನಿ."

ಒಂದು ಕಾಲು ಮೆಟ್ಟಿಲ ಮೇಲಿಟ್ಟೇ ತಿರುಗಿ, "ನೋಡೂಣು" ಎಂದೆ. ಬಸ್ಸು ಹೊರಟಿತು.

"ಅತ್ತಮ್ಮಾ, ಒಳಗೆ ಸರಿಯಿರಿ" ಎಂದ ಯಾದಗಿರಿ. ಸರಿಯಲು ಒಳಗೆ ಎಲ್ಲಿದೆ? ಸೇರು ಒದೆಸಿ ಸೊಸೆಯನ್ನು ತಂದುಕೊಂಡ ಮೇಲೆ ಅತ್ತೆ ಕೂತ ಜಾಗ ಅತ್ತೆಗೆ ಉಳಿಯುವುದಿಲ್ಲವೆಂದು ನನಗೆ ಗೊತ್ತಿರಬೇಕಿತ್ತು, ನಮ್ಮ ಅಡುಗೆಮನೆಯಲ್ಲಿ ಒಮ್ಮೆ ನೋಡಿದ್ದೆನಲ್ಲ. ಆ ಸೇರನ್ನು ಸುಜಾತಾ ಈಗ ಹಾಲಿನ ಪಾತ್ರೆಗೆ ಮುಚ್ಚಳ ಮಾಡಿಕೊಂಡಿದ್ದಾಳೆ, ಚೆನ್ನಾಗಿ ಕೂರುತ್ತದೆ. ನಾನು ಮೇಲಿನ ಕಂಬಿ ಹಿಡಿದುಕೊಂಡು, ಒಬ್ಬಳ ಕೋಳಿಯನ್ನು ಕಾಲಿನಿಂದ ಆಚೆ ದೂಡುತ್ತ, ಯಾರನ್ನೂ ಕೇಳದೆ, ಕೋಠಿಯವರೆಗೂ ನಿಂತೇ ಹೋದೆ. ದಾರಿಯುದ್ದಕ್ಕೂ ನನಗಿದ್ದ ಕೆಲಸ ಒಂದೇ, ಬೀಳದೆ ಇರುವುದು.