ಸಾಹುಕಾರರ ಫೋನಿಗೆ ಬೀಗ

ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದ ಟೆಲಿಫೋನ್ ಕಚೇರಿಯಲ್ಲಿ ದೂರು ವಿಚಾರಿಸುವ ಕ್ಲಾರ್ಕ್. ಬಿಲ್ಲು ಅಂಚೆಗೆ ಬಿದ್ದ ವಾರ "ಈ ಟ್ರಂಕ್ ಕಾಲ್ ನಾವು ಮಾಡಿದ್ದಲ್ಲ" ಎನ್ನುವವರು ತಪ್ಪದೆ ಹುಟ್ಟಿಕೊಳ್ಳುತ್ತಿದ್ದರು. ಅವರಲ್ಲಿ ಹೊಸದುರ್ಗದ ಕೊಬ್ಬರಿ ಮಂಡಿ ಸಾಹುಕಾರರನ್ನು ಮಾತ್ರ ಮರೆಯಲಾಗಿಲ್ಲ.

ನಮ್ಮೋರು

ಮೊದಲ ಸಲ ಹೋದಾಗ ಸಾಹುಕಾರರು ಗಾದಿಯ ಮೇಲಿದ್ದರು. ಪಕ್ಕದಲ್ಲಿ ಫೋನು, ಅದಕ್ಕೆ ಕುಂಕುಮ, ಹೂವು.

"ಬರ್ರಿ, ಕುಂತ್ಕಳ್ರಿ. ಬಿಲ್ನಾಗೆ ತುಮಕೂರು, ದಾವಣಗೆರೆ ಅಂತ ಎಲ್ಲೆಲ್ಲಿಗೋ ಬರ್ದೀರಲ್ರೀ. ಈ ಫೋನು ನನ್ ಬಿಟ್ರೆ ಯಾರೂ ಮುಟ್ಟಂಗಿಲ್ಲ."

ಅಷ್ಟರಲ್ಲಿ ಎದುರಿನ ಬಟ್ಟೆ ಅಂಗಡಿಯವರು ಬಂದರು. ಸಾಹುಕಾರರು ಮಾತು ನಿಲ್ಲಿಸದೆ ಫೋನನ್ನು ಅವರತ್ತ ತಳ್ಳಿದರು. ಅವರು ದಾವಣಗೆರೆಗೆ ಕಾಲ್ ಬುಕ್ ಮಾಡಿ, ಸೀರೆಯ ಬಣ್ಣಗಳನ್ನೆಲ್ಲ ವಿಚಾರಿಸಿ, ಎಲೆ ಅಡಿಕೆ ಹಾಕಿಕೊಂಡು ಹೋದರು.

"ಈಗ ಮುಟ್ಟಿದ್ರಲ್ಲ?" ಎಂದೆ.

"ಅವ್ರು ನಮ್ಮೋರು ಕಣ್ರೀ. ನಾನು ಹೇಳಿದ್ದು ಬ್ಯಾರೆಯವ್ರ ಮಾತು."

ಬೀಗ

ಮುಂದೆ ಫೋನು ಮರದ ಪೆಟ್ಟಿಗೆ ಸೇರಿತು. ಪೆಟ್ಟಿಗೆಗೆ ಬೀಗ, ಬೀಗದ ಕೈ ಮಂಡಿ ಗುಮಾಸ್ತನ ಸೊಂಟದಲ್ಲಿ. ದಾವಣಗೆರೆ, ತುಮಕೂರು ಮಾಯವಾದವು. ಆದರೆ ಬಿಲ್ಲಿನಲ್ಲಿ ಚಿತ್ರದುರ್ಗದ ಒಂದು ನಂಬರು ಮೇಲಿಂದ ಮೇಲೆ ಬರತೊಡಗಿತು. ಸಾಹುಕಾರರು ನನಗೆ ಮತ್ತೆ ಮತ್ತೆ ಫೋನ್ ಮಾಡಿ ಕೂಗಾಡಿದರು. ಅನುಮಾನ ಗುಮಾಸ್ತನ ಮೇಲೆ. ಮತ್ತೊಮ್ಮೆ ಹಾಗೆ ಬಂದರೆ ಅವನ ಕೆಲಸ ಹೋದಂತೆಯೇ.

ಕೊನೆಗೆ ಮತ್ತೊಮ್ಮೆ ಹೊಸದುರ್ಗಕ್ಕೆ ಹೋದೆ. ಗುಮಾಸ್ತ ಬೆವರುತ್ತ ನಿಂತಿದ್ದ. ಪಾಪ ಅನ್ನಿಸಿತು.

"ದುರ್ಗದಾಗೆ ನನಗ್ಯಾರೂ ಇಲ್ರೀ," ಎಂದರು ಸಾಹುಕಾರರು. "ಬೀಗ್ರು ಇರಾದು ಹೊಳಲ್ಕೆರೆಯಾಗೆ. ಅಲ್ಲಿಗೆ ಹೋದ್ರೂ ನಾನು ಅವ್ರ ಸಂಗ್ಡ ಮಾತಾಡಲ್ಲ, ಇನ್ನು ದುಡ್ಡು ಕೊಟ್ಟು ಮಾತಾಡ್ತೀನಾ?"

ಕರ್ಪೂರ

ಅದಕ್ಕೂ ಹಿಂದಿನ ದಿನ ಗುಮಾಸ್ತನನ್ನು ಗುಡಿಗೆ ಕರೆದೊಯ್ದು, ಉರಿಯುವ ಕರ್ಪೂರ ಆರಿಸಿ ಆಣೆ ಮಾಡಿಸಿದ್ದರಂತೆ. ಅವನು ಅಳುಕದೆ ಮಾಡಿದ್ದ.

"ಮತ್ತೆ ನಂಬಬಹುದಲ್ಲ?" ಎಂದೆ.

"ದೇವ್ರು ನಂಬ್ಯಾನೆ," ಎಂದರು ಸಾಹುಕಾರರು. "ಬಿಲ್ ಕಟ್ಟೋನು ನಾನಲ್ವೇನ್ರೀ?"

ದುರ್ಗದ ನಂಬರು

ಬಿಲ್ಲನ್ನು ನಾನು ಕಣ್ಣಾರೆ ನೋಡಿದ್ದು ಆವತ್ತೇ. ನೋಡಿ ಬಿಲ್ಲನ್ನು ಮಡಚಿಟ್ಟೆ.

"ಸಾಹುಕಾರ್ರೆ, ಈ ನಂಬರಿಗೆ ನೀವೇ ಒಂದ್ಸಲ ಫೋನ್ ಮಾಡ್ರಿ. ಎತ್ತಿದವರನ್ನೇ ವಿಚಾರಿಸಾಣ."

ಗುಮಾಸ್ತ ಬೀಗ ತೆಗೆದ. ಟ್ರಂಕ್ ಬುಕ್ ಆಯಿತು. ಎರಡು ಕಾಫಿ ಕುಡಿಯುವಷ್ಟರಲ್ಲಿ ಲೈನ್ ಸಿಕ್ಕಿತು.

"ಯಾರ್ಲೇ ಅದು?" ಎಂದು ಸಾಹುಕಾರರು ಗುಡುಗಿದರು.

ಆ ಕಡೆ ನಮ್ಮ ಕಚೇರಿಯ ಜವಾನ. ಟ್ರಂಕ್ ಕಾಲ್ ಎಂದರೆ ಕಿರುಚಿಯೇ ಮಾತಾಡುವ ಅಭ್ಯಾಸ ಅವನಿಗೆ. ಇಡೀ ಮಂಡಿಗೆ ಕೇಳಿಸಿತು:

"ಫೋನ್ ಆಫೀಸು ಕಣ್ರೀ! ಸಾಹೇಬ್ರು ಇಲ್ಲ, ಹೊಸದುರ್ಗಕ್ಕೆ ಹೋಗ್ಯಾರೆ. ಅಲ್ಲೊಬ್ಬ ಮಂಡಿ ಸಾಹುಕಾರ ಐದಾನೆ, ಬಿಲ್ ಜಾಸ್ತಿ ಬಂತು ಅಂತ ದಿನಾ ಇಲ್ಲಿಗೆ ಟ್ರಂಕ್ ಕಾಲ್ ಮಾಡಿ ನಮ್ ಜೀವ ತಿಂತಾನೆ!"

ಸಾಹುಕಾರರು ಮೆಲ್ಲಗೆ ಫೋನ್ ಇಟ್ಟರು. ಪ್ರತಿ ಸಲವೂ ಅವರು ಆಪರೇಟರಿಗೆ "ದುರ್ಗದ ಫೋನ್ ಆಫೀಸ್ ಕೊಡ್ರಿ" ಎನ್ನುತ್ತಿದ್ದರೇ ಹೊರತು ನಂಬರು ಕೇಳಿದವರಲ್ಲ.

"ಅಲ್ರೀ," ಎಂದರು ಸಣ್ಣ ದನಿಯಲ್ಲಿ, "ದೂರು ಕೊಟ್ರೆ ಅದೂ ಫೋನ್ ಮಾಡ್ದಂಗೇನ್ರೀ?"

ಗುಮಾಸ್ತ ಪೆಟ್ಟಿಗೆಗೆ ಬೀಗ ಹಾಕಿ, ಸೊಂಟದಿಂದ ಬೀಗದ ಕೈ ಬಿಚ್ಚಿ ನನ್ನ ಕೈಗಿಟ್ಟ.

"ಇದನ್ನ ನೀವೇ ದುರ್ಗಕ್ಕೆ ತಗಂಡು ಹೋಗ್ರಿ ಸಾಹೇಬ್ರೆ," ಎಂದ. "ಇಲ್ಲಾಂದ್ರೆ ಈ ಕಾಲಿನ ಬಿಲ್ ಬಂದಾಗ ಮತ್ತೆ ನಂಗೆ ಕರ್ಪೂರ ಆರಿಸಾಕೆ ಹೇಳ್ತಾರೆ."