ಬೆನ್ನ ಹಿಂದಿನ ಸಾಕ್ಷಿ

ಎಲ್ಲಕ್ಕೂ ಮೂಲ ಒಂದು ತೆಂಗಿನ ನಾರಿನ ಹಗ್ಗ. ಆ ರವಿವಾರ ಬೆಳಿಗ್ಗೆ ವಡಗಾವಿಯ ಓಣಿಯಲ್ಲಿ ಯೂಸುಫ ತನ್ನ ಸೈಕಲ್ಲಿನ ಕ್ಯಾರಿಯರಿಗೆ ಅದನ್ನು ಸುರುಳಿ ಸುತ್ತಿ ಸಿಕ್ಕಿಸುತ್ತಿದ್ದುದು ಎದುರು ಮನೆಯ ತ್ರ್ಯಂಬಕನ ಕಣ್ಣಿಗೆ ಬಿತ್ತು. ಬಾಯಲ್ಲಿದ್ದ ಚಹಾ ಅಲ್ಲೇ ನಿಂತಿತು. ಖಾನಾಪುರದವರೆಗೆ ಸೈಕಲ್ ತುಳಿಯಲು ಹೊರಟವನಿಗೆ ಹಗ್ಗ ಏಕೆ? ಸೈಕಲ್ಲನ್ನು ಯಾವುದಕ್ಕಾದರೂ ಬಿಗಿಯಬೇಕಾದರೆ ಮಾತ್ರ ಹಗ್ಗ ಬೇಕು. ಯಾವುದಕ್ಕೆ ಎನ್ನುವುದೂ ಅವನಿಗೆ ಕೂಡಲೇ ಹೊಳೆಯಿತು. ಯೂಸುಫನ ಹೆಂಡತಿಯ ತಮ್ಮ ಬುರಾನುದ್ದೀನ ಹಂಚಿನ ಲಾರಿಯ ಡ್ರೈವರು. ಬೆಳಿಗ್ಗೆ ಖಾನಾಪುರದಿಂದ ಹಂಚು ತಂದು ಬೆಳಗಾವಿಯಲ್ಲಿ ಇಳಿಸಿ, ಖಾಲಿ ಲಾರಿ ಓಡಿಸಿಕೊಂಡು ಅದೇ ರಸ್ತೆಯಲ್ಲಿ ಮರಳುವುದು ಅವನ ದಿನದ ಕೆಲಸ.

ಇಂಥ ಯೋಚನೆ ತ್ರ್ಯಂಬಕನಿಗೆ ಇಷ್ಟು ಬೇಗ ಹೊಳೆಯಲು ಕಾರಣವಿತ್ತು. ಹೋದ ವರ್ಷ ವಿಠ್ಠಲಭಕ್ತರ ದಿಂಡಿಯೊಡನೆ ಪಂಢರಪುರಕ್ಕೆ ನಡೆದು ಹೋಗುತ್ತೇನೆಂದು ಹಾರ ಹಾಕಿಸಿಕೊಂಡು ಹೊರಟವನು, ಊರು ದಾಟುವ ಮೊದಲೇ ಹಿಂದೆ ಬಿದ್ದು, ಶಹಾಪುರದ ಸೋದರತ್ತೆ ರಾಧಾಬಾಯಿಯ ಮನೆ ಸೇರಿಬಿಟ್ಟಿದ್ದ. ದಿಂಡಿ ಮರಳಿದ ದಿನ ಕಾಲಿಗೆ ಧೂಳು ಬಳಿದುಕೊಂಡು ಮೆಲ್ಲಗೆ ಗುಂಪಿನಲ್ಲಿ ಸೇರಿಕೊಂಡ. ಉಳಿದವರೆಲ್ಲ ಬಿಸಿಲಿಗೆ ಒಣಗಿ ಕಡ್ಡಿಯಾಗಿದ್ದರೆ, ಇವನೊಬ್ಬ ಅತ್ತೆಯ ಕೈಯ ಹೋಳಿಗೆ ತಿಂದು ಗುಂಡಗಾಗಿ ಬಂದಿದ್ದ. ಅಂದಿನಿಂದ ಓಣಿಯಲ್ಲಿ ಅವನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಮಳೆ ಬಂತು ಎಂದರೂ ಜನ ಕೈ ಹೊರಗೆ ಚಾಚಿ ನೋಡುತ್ತಿದ್ದರು. ಓಣಿಯದು ಹಾಗಿರಲಿ, ಆಫೀಸಿನಿಂದ ಬಂದೆ ಎಂದರೆ ಹೆಂಡತಿ ಕುಂದಾ ಕೂಡ ಒಂದು ಗಳಿಗೆ ಅವನ ಮುಖ ನೋಡಿಯೇ ಚಹಾಕ್ಕೆ ನೀರಿಡುತ್ತಿದ್ದಳು. ಆ ಒಂದು ಗಳಿಗೆ ಅವನಿಗೆ ಬಹಳ ನೋವು ಕೊಡುತ್ತಿತ್ತು. ಅವಳು ತನ್ನನ್ನು ಮತ್ತೆ ನಂಬಬೇಕು, ಇಷ್ಟೇ ಅವನ ಆಸೆ.

ಅದಕ್ಕೆಂದೇ ಅವನು ಎಪ್ಪತ್ತಾರನೇ ಇಸವಿಯ ಈ ಸೈಕಲ್ ಸವಾರಿಗೆ ಹೆಸರು ಕೊಟ್ಟಿದ್ದು. ಖಾನಾಪುರದ ಒಂದು ಮಹಿಳಾಶ್ರಮಕ್ಕೆ ಸೀರೆ ಕೊಡಲು ವಡಗಾವಿಯ ನೇಕಾರರು ಒಪ್ಪಿದ್ದರು. ಸುಮ್ಮನೆ ಕೊಡುವವರಲ್ಲ, ಸವಾರ ತುಳಿದ ಮೈಲಿಗೊಂದು ಸೀರೆ, ಅದೂ ದಾರಿ ಪೂರ್ತಿ ತುಳಿದರೆ ಮಾತ್ರ. ನೇಕಾರರ ಹಿರಿಯ ನಾಗಲಿಂಗ ತಾನೇ ನೇಯ್ದ ಸೀರೆಯನ್ನು ಎರಡು ಸಲ ಅಳೆದು ನೋಡುವ ಆಸಾಮಿ. ಆತ ಒಂದು ನಿಯಮ ಮಾಡಿದ. ಸವಾರರು ಇಬ್ಬಿಬ್ಬರು ಜೋಡಿಯಾಗಿ ಹೋಗಬೇಕು. ಖಾನಾಪುರ ಸೇರಿದ ಮೇಲೆ ಒಬ್ಬೊಬ್ಬನೂ ಮಗ್ಗದ ಲಾಳಿ ಮುಟ್ಟಿ, ಜೊತೆಗಾರ ದಾರಿಯುದ್ದಕ್ಕೂ ತುಳಿದದ್ದನ್ನು ಕಣ್ಣಾರೆ ಕಂಡೆ ಎಂದು ಹೇಳಬೇಕು. ಹೇಳುವವರಿಲ್ಲದಿದ್ದರೆ ಸೀರೆಯೂ ಇಲ್ಲ. ವಡಗಾವಿಯ ನೇಕಾರ ಹಿಂದೂ ಇರಲಿ ಮುಸಲ್ಮಾನ ಇರಲಿ, ಅನ್ನ ಕೊಡುವ ಲಾಳಿ ಮುಟ್ಟಿ ಸುಳ್ಳು ಹೇಳುವವನಲ್ಲ. ಚೀಟಿ ಎತ್ತಿದಾಗ ತ್ರ್ಯಂಬಕನಿಗೆ ಜೊತೆಯಾದವನು ಎದುರು ಮನೆಯ ಮಗ್ಗದವನು, ಈ ಯೂಸುಫ.

ತನ್ನ ಪಾಡಿಗೆ ತಾನು ತುಳಿದಿದ್ದರೆ ಸಾಕಿತ್ತು. ಆದರೆ ಹಗ್ಗ ಕಂಡ ಮೇಲೆ ತ್ರ್ಯಂಬಕನ ತಲೆ ಬೇರೆ ದಾರಿ ಹಿಡಿಯಿತು. ಇನ್ನೊಬ್ಬನ ಮೋಸವನ್ನು ತಾನು ಹಿಡಿದುಕೊಟ್ಟರೆ ತನ್ನ ಹೋಳಿಗೆಯ ಕತೆಯನ್ನು ಯಾರು ನೆನಪಿಡುತ್ತಾರೆ? ಓಣಿಯ ಹೆಂಗಸರು ಬಸ್ಸಿನಲ್ಲಿ ಖಾನಾಪುರಕ್ಕೆ ಬಂದು ಸವಾರರಿಗೆ ಆರತಿ ಎತ್ತುವವರಿದ್ದರು. ಕುಂದಾಳೂ ಇರುತ್ತಾಳೆ. ಅವಳ ಎದುರಿಗೇ ಯೂಸುಫನ ಬಣ್ಣ ಬಯಲಾಗಲಿ ಎಂದುಕೊಂಡ.

ಉಳಿದ ಜೋಡಿಗಳು ಗಂಟೆ ಬಾರಿಸುತ್ತ ಮುಂದೆ ಹೋದವು. ಯೂಸುಫ ಮಾತ್ರ ಕಾದು ನಿಂತಿದ್ದ.

"ಬರ್ರಿ ರಾಯರ, ಬಾಜೂಕ ಬಾಜು ಹೋಗೂಣು. ಮಾತಾಡಕೋತ ಹೋದ್ರ ದಾರಿ ಸರದದ್ದ ಗೊತ್ತಾಗೂದಿಲ್ಲ."

"ನೀವು ಮುಂದ ನಡೀರಿ ಯೂಸುಫಭಾಯಿ. ನಾ ನಿಮ್ಮ ಬೆನ್ನಹಿಂದನ ಇರ್ತೀನಿ."

ಮಾತಿನಲ್ಲಿ ಮರೆಸಲು ನೋಡುತ್ತಾನೆ ಎಂದು ತ್ರ್ಯಂಬಕ ಮನಸ್ಸಿನಲ್ಲೇ ನಕ್ಕ.

ಪೀರನವಾಡಿ ದಾಟುವವರೆಗೆ ಯೂಸುಫ ಆಗಾಗ ಹೊರಳಿ ನೋಡುತ್ತಿದ್ದ. ಹೊರಳಿದಷ್ಟೂ ತ್ರ್ಯಂಬಕನ ಅನುಮಾನ ಬಲಿಯಿತು. ತಪ್ಪು ಮಾಡದವನು ಹಿಂದೆ ಯಾಕೆ ನೋಡುತ್ತಾನೆ? ಆದರೆ ಬೆನ್ನ ಹಿಂದೆ ಒಬ್ಬನಿದ್ದಾನೆ ಎಂದು ಗೊತ್ತಿರುವವರೆಗೂ ಅವನು ಲಾರಿ ಹತ್ತುವುದಿಲ್ಲ ಎನ್ನುವುದೂ ತ್ರ್ಯಂಬಕನಿಗೆ ತಿಳಿಯಿತು. ಅನುಭವಸ್ಥನಲ್ಲವೇ. ಮಚ್ಛೆಯ ಹತ್ತಿರ ಇಳಿದು, ಗಡಗಡ ಎನ್ನುವ ಮಡ್‌ಗಾರ್ಡಿನ ಸಂದಿಗೆ ಕರವಸ್ತ್ರ ತುರುಕಿ ಸೈಕಲ್ಲಿನ ಬಾಯಿ ಮುಚ್ಚಿಸಿದ. ಅಲ್ಲಿಂದ ಮುಂದೆ ಒಂದೊಂದು ತಿರುವಿನಷ್ಟು ದೂರ ಬಿಟ್ಟು, ಯೂಸುಫನ ಕತ್ತು ಹೊರಳಿದ ಕೂಡಲೇ ಮರದ ಮರೆಗೆ ಸರಿಯುತ್ತ ಸಾಗಿದ.

ಇದು ಹೇಳಿದಷ್ಟು ಸುಲಭವಿರಲಿಲ್ಲ. ಒಮ್ಮೆ ಅವಸರದಲ್ಲಿ ಇಳಿಯಲು ಹೋಗಿ ಪ್ಯಾಂಟಿನ ಕಾಲು ಚೈನಿಗೆ ಸಿಕ್ಕಿ, ಸೈಕಲ್ಲೂ ಅವನೂ ಕೂಡಿಯೇ ಗಟಾರಕ್ಕೆ ಇಳಿದರು. ಇನ್ನೊಮ್ಮೆ ಗೋಡೆಯೊಂದರ ಹಿಂದೆ ಅವಿತು ಇಣುಕುತ್ತಿದ್ದಾಗ, ಭರಮವ್ವ ಎನ್ನುವ ಮುದುಕಿ ಕೋಳಿ ಕದಿಯಲು ಬಂದವನೆಂದು ತಿಳಿದು ಕಸಬರಿಗೆ ಹಿಡಿದು ಬಂದಳು. ತಾನು ದಾನಕ್ಕಾಗಿ ಸೈಕಲ್ ತುಳಿಯುತ್ತಿದ್ದೇನೆಂದು ಅವನು ವಿವರಿಸಿದ. ದಾನ ಮಾಡುವವರು ಗೋಡೆಯ ಹಿಂದೆ ಯಾಕೆ ಕೂಡುತ್ತಾರೆ ಎಂದು ಅವಳು ಕೇಳಿದಳು. ಉತ್ತರ ಕೊಡಲು ಪುರಸೊತ್ತಿಲ್ಲದೆ ಬೆನ್ನ ಮೇಲೆ ಎರಡು ತಿಂದುಕೊಂಡೇ ಅವನು ಪೆಡಲಿಗೆ ಕಾಲು ಹಾಕಿದ.

ದೇಸೂರ ದಾಟಿದ ಮೇಲೆ ರಸ್ತೆಯ ಬದಿ ಒಂದು ಆಲದ ಮರ, ಅದರ ಕೆಳಗೆ ಬಾವಿ. ಯೂಸುಫ ಅಲ್ಲಿ ಇಳಿದು ಹಗ್ಗ ಬಿಚ್ಚಿದ. ತ್ರ್ಯಂಬಕ ಸೈಕಲ್ಲನ್ನು ಮಲಗಿಸಿ ಲಂಟಾನದ ಪೊದೆಯೊಳಗೆ ತೂರಿಕೊಂಡ. ಈಗ ಸಿಕ್ಕ ಎಂದು ಕೊಂಬೆ ಸರಿಸಿ ಇಣುಕಿದ. ಯೂಸುಫ ಹಗ್ಗದ ತುದಿಯನ್ನು ತಂಬಿಗೆಯ ಕೊರಳಿಗೆ ಕಟ್ಟಿ ಬಾವಿಗೆ ಇಳಿಬಿಟ್ಟ. ನೀರು ಸೇದಿದ, ಕುಡಿದ, ಮುಖ ತೊಳೆದ.

ಹಗ್ಗ ನೀರಿಗಾಗಿ ಎಂದು ತಿಳಿದಾಗ ತ್ರ್ಯಂಬಕನಿಗೆ ಆದ ಬೇಸರ ಅಷ್ಟಿಷ್ಟಲ್ಲ. ಆದರೆ ನೀರು ಕುಡಿದವನು ಮುಂದೆ ಹೋಗಬೇಕೋ ಬೇಡವೋ? ಯೂಸುಫ ಬಾವಿಯ ಕಟ್ಟೆಯ ಮೇಲೆ ಕುಳಿತು ಬೆಳಗಾವಿಯ ದಿಕ್ಕಿಗೆ ಕಣ್ಣು ನೆಟ್ಟ. ಗಳಿಗೆ ಕಳೆಯಿತು, ಮತ್ತೊಂದು ಗಳಿಗೆ ಕಳೆಯಿತು. ಪೊದೆಯೊಳಗೆ ಕೆಂಪಿರುವೆಗಳು ತ್ರ್ಯಂಬಕನ ಹೊಟ್ಟೆಯ ಸುತ್ತಳತೆ ನೋಡತೊಡಗಿದವು. ಹಲ್ಲು ಕಚ್ಚಿ ಕುಳಿತ. ಯಾರಿಗಾಗಿ ಕಾಯುತ್ತಾನೆಂದು ತನಗೆ ಗೊತ್ತಿಲ್ಲವೇ?

ಲಾರಿ ಬಂದೇ ಬಂತು. ಬುರಾನುದ್ದೀನ ಇಳಿದು ತಂಬಿಗೆಯಿಂದ ನೀರು ಕುಡಿದ. ಯೂಸುಫ ಬಂದ ದಾರಿಯತ್ತ ಕೈ ತೋರಿಸಿ ಏನೋ ಕೇಳಿದ. ಬುರಾನುದ್ದೀನ ಇಲ್ಲವೆಂದು ತಲೆಯಾಡಿಸಿದ. ಇದೆಲ್ಲ ನಡೆಯುವಾಗಲೇ ಓಣಿಯ ಹೆಂಗಸರಿದ್ದ ಬಸ್ಸು ಬಂದು ಲಾರಿಯ ಪಕ್ಕದಲ್ಲಿ ಮೆಲ್ಲಗೆ ಹಾಯುತ್ತಿತ್ತು. ಕಿಟಕಿಗೊಂದು ಮುಖ. ತ್ರ್ಯಂಬಕ ತಲೆಯನ್ನು ಇನ್ನಷ್ಟು ಒಳಗೆ ಎಳೆದುಕೊಂಡ. ಹೆಂಗಸರು ಕಂಡು ಕೂಗಿಬಿಟ್ಟರೆ ಇಷ್ಟು ಹೊತ್ತು ಇರುವೆ ಕಡಿಸಿಕೊಂಡದ್ದು ವ್ಯರ್ಥವಾಗುತ್ತಿತ್ತು. ಬಸ್ಸು ಹೋಯಿತು, ಹಿಂದೆಯೇ ಲಾರಿಯೂ ಹೋಯಿತು. ಸೈಕಲ್ಲು ಮಾತ್ರ ನೆಲದ ಮೇಲೆಯೇ ಉಳಿಯಿತು. ಬಸ್ಸಿನ ಜನರೆದುರು ಹತ್ತಿಸಲಾಗದೆ ಮುಂದೆಲ್ಲೋ ಜಾಗ ಗೊತ್ತುಮಾಡಿಕೊಂಡರು ಎಂದು ತ್ರ್ಯಂಬಕ ತೀರ್ಮಾನಿಸಿದ.

ಯೂಸುಫ ನಿಟ್ಟುಸಿರು ಬಿಟ್ಟು ಸೈಕಲ್ ಹತ್ತಿದ. ತ್ರ್ಯಂಬಕ ಬಿಡಲಿಲ್ಲ. ಗಣೇಬೈಲದ ಏರಿನಲ್ಲಿ ಮೊಣಕಾಲು ಕಿರ್ರೆಂದವು, ಕಣ್ಣಿಗೆ ಬೆವರು ಇಳಿಯಿತು. ಪ್ರತಿ ತಿರುವಿನಲ್ಲೂ ಲಾರಿ ನಿಂತಿರುತ್ತದೆಂದು ಹುರುಪಿನಿಂದ ತುಳಿದ. ಎಲ್ಲೂ ನಿಂತಿರಲಿಲ್ಲ. ಖಾನಾಪುರದ ಹಂಚಿನ ಕಾರ್ಖಾನೆಯ ಹೊಗೆ ಕಂಡಾಗ, ಯೂಸುಫ ಒಂದು ಮೈಲಿಯನ್ನೂ ಬಿಡದೆ ತುಳಿದಿದ್ದಾನೆ ಎಂದು ಒಪ್ಪಿಕೊಳ್ಳಲೇಬೇಕಾಯಿತು. ಹಾಗೆ ಒಪ್ಪಿಕೊಳ್ಳುವಾಗಲೇ ಇನ್ನೊಂದು ಮಾತೂ ಹೊಳೆಯಿತು. ತಾನೂ ಒಂದು ಮೈಲಿಯನ್ನೂ ಬಿಟ್ಟಿರಲಿಲ್ಲ. ನಾಚಿಕೆ, ಇರುವೆ, ಕಸಬರಿಗೆ ಎಲ್ಲ ಮರೆತು ಅವನಿಗೆ ಕುಣಿಯುವಷ್ಟು ಸಂತೋಷವಾಯಿತು.

ಆಶ್ರಮದ ಅಂಗಳದಲ್ಲಿ ನಾಗಲಿಂಗ ಸೀರೆಗಳ ಗಂಟು ಬಿಚ್ಚಿ, ಮಣೆಯ ಮೇಲೆ ಲಾಳಿ ಇಟ್ಟುಕೊಂಡು ಕುಳಿತಿದ್ದ. ಎಲ್ಲರಿಗಿಂತ ಕಡೆಗೆ ಬಂದ ತ್ರ್ಯಂಬಕನನ್ನೇ ಮೊದಲು ಕರೆದ. ತ್ರ್ಯಂಬಕ ಲಾಳಿ ಮುಟ್ಟಿದ.

"ಯೂಸುಫಭಾಯಿ ಹಾದಿ ತುಂಬ ತುಳದಾರ. ಒಂದ ಗಳಿಗಿನೂ ನನ್ನ ಕಣ್ಣ ತಪ್ಪಿಲ್ಲ."

ವರ್ಷದ ಮೇಲೆ ಆಡಿದ ಅಚ್ಚ ನಿಜ. ಹೇಳಿ ಕುಂದಾಳತ್ತ ನೋಡಿದ. ಯೂಸುಫನ ಸೀರೆಗಳು ಬದಿಗೆ ಸರಿದವು. ಈಗ ಯೂಸುಫ ಲಾಳಿಯನ್ನು ಕೈಗೆತ್ತಿಕೊಂಡ. ಅದನ್ನು ಹೊರಳಿಸುತ್ತ ತ್ರ್ಯಂಬಕನ ಮುಖ ನೋಡಿದ. ನಾಗಲಿಂಗ ಕೆಮ್ಮಿದ.

"ಮಚ್ಛೆತನಕ ಹಿಂದ ಇದ್ರು, ಅದನ್ನ ನೋಡೇನಿ. ಮುಂದ ಎಷ್ಟ ಹೊಳ್ಳಿ ನೋಡಿದ್ರೂ ಕಾಣಲಿಲ್ಲ," ಎಂದ ಯೂಸುಫ. "ಏನರ ಆತೇನೋ ಅಂತ ಬಾವಿ ಕಟ್ಟಿ ಮ್ಯಾಲ ಕಾಯಕೋತ ಕುಂತೆ. ಬುರಾನನ್ನ ಕೇಳಿದೆ, ದಾರ್ಯಾಗ ಯಾರೂ ಇಲ್ಲಂದ. ಲಾಳಿ ಹಿಡಕೊಂಡು ನೋಡೇನಿ ಅಂತ ಹೆಂಗ ಹೇಳ್ಲಿ? ಮಾಫ್ ಮಾಡ್ರಿ ರಾಯರ."

ತ್ರ್ಯಂಬಕ ಮಣೆಯ ಹತ್ತಿರಕ್ಕೆ ನುಗ್ಗಿದ. ತಾನು ಅಲ್ಲೇ ಪೊದೆಯ ಹಿಂದೆ ಇದ್ದೆನೆಂದು ತೊದಲಿದ. ಪೊದೆಯ ಹಿಂದೆ ಯಾಕೆ ಎಂದು ನಾಗಲಿಂಗ ಕೇಳಿದ. ತನಗಾಗಿ ಬಿಸಿಲಲ್ಲಿ ಕಾದು ಕುಳಿತವನ ಮುಖ ನೋಡುತ್ತ, ನಿನ್ನನ್ನು ಕಳ್ಳನೆಂದು ತಿಳಿದಿದ್ದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅದನ್ನು ನುಂಗಿ ಬೇರೆ ಸಾಕ್ಷಿ ಕೊಟ್ಟ.

"ನೀವು ತಂಬಿಗಿ ಕೊರಳಿಗೆ ಹಗ್ಗ ಕಟ್ಟಿದ್ರಿ. ಲಾರಿ ನಿಂತು, ಬುರಾನ ನೀರ ಕುಡದ. ನೀವು ಬೆಳಗಾವಿ ಕಡೆ ಕೈ ಮಾಡಿ ಕೇಳಿದ್ರಿ. ನಾ ಅಲ್ಲಿ ಇರಲಿಲ್ಲಂದ್ರ ಇದೆಲ್ಲಾ ನನಗ ಹೆಂಗ ಗೊತ್ತು?"

ಯೂಸುಫನ ಮುಖ ಅರಳಿತು. ಹೌದು, ನಡೆದದ್ದು ಹಾಗೆಯೇ ಎಂದು ಲಾಳಿ ಮುಟ್ಟಿಯೇ ಹೇಳಿದ. ನಾಗಲಿಂಗನ ಕೈ ಸೀರೆಗಳತ್ತ ಹೋಯಿತು. ತ್ರ್ಯಂಬಕ ಉಸಿರು ಬಿಡುವಷ್ಟರಲ್ಲಿ ಆರತಿ ತಟ್ಟೆ ಹಿಡಿದಿದ್ದ ನೆರೆಮನೆಯ ಸಿದ್ದಕ್ಕ ಬಾಯಿ ತೆರೆದಳು. ಅದನ್ನೆಲ್ಲ ತಾವೂ ನೋಡಿದ್ದೇವೆ, ಬಸ್ಸಿನ ಕಿಟಕಿಯಿಂದ ಚೊಲೋ ಕಂಡಿತು ಎಂದಳು. ಉಳಿದ ಹೆಂಗಸರು ಹೌದು ಹೌದೆಂದರು. ನಾಗಲಿಂಗನ ಕೈ ಹಾಗೆಯೇ ಹಿಂದೆ ಬಂತು.

ತ್ರ್ಯಂಬಕನ ಪಾಲಿನ ಸೀರೆಗಳನ್ನು ಮರಳಿ ಗಂಟು ಕಟ್ಟಿ ಎತ್ತಿಟ್ಟರು. ಗುಂಪಿನಿಂದ ಕುಂದಾ ಎದ್ದು ಬಂದಳು. ಗಂಡನ ತಲೆಗೂದಲಲ್ಲಿ ಸಿಕ್ಕಿದ್ದ ಲಂಟಾನದ ಎಲೆಯನ್ನು ಮೆಲ್ಲಗೆ ಬಿಡಿಸಿದಳು. ಅವಳಾದರೂ ನಂಬಿದಳು ಎಂದು ತ್ರ್ಯಂಬಕನ ಕಣ್ಣು ತುಂಬಿ ಬಂದವು. ಕುಂದಾ ಯಾರಿಗೂ ಕೇಳದಂತೆ ಅವನ ಕಿವಿಯ ಹತ್ತಿರ ಬಾಗಿದಳು.

"ಆದದ್ದ ಆತು, ನಾ ಸಿಟ್ಟ ಆಗೂದಿಲ್ಲ. ನನ್ನ ಮುಂದರೆ ಖರೇ ಹೇಳ್ರಿ. ನಮ್ಮ ಬಸ್ಸಿಗೇ ಬಂದ್ರೋ, ಹಿಂದಿನ ಬಸ್ಸಿಗೆ ಬಂದ್ರೋ?"